ಒಂದು ಕರಿ ಗಾಲಿ, ಒಂದು ಬಿಳಿ ಗಾಲಿ

ಬ್ರೇಕ್ ರಬ್ಬರ್ ಆರಿಸುವುದೆಂದರೆ ಅಲ್ಲಿಯವರೆಗೆ ನನಗೆ ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸವಾಗಿತ್ತು. ಕೊಟ್ಟೂರಿನಲ್ಲಿ ನಮ್ಮದು ಸೈಕಲ್ ರಿಪೇರಿ ಅಂಗಡಿ. ಯಜಮಾನರು ಹೋದ ಮೇಲೆ ಪಾನಾ, ಪಕ್ಕಡ್ ನನ್ನ ಕೈಗೆ ಬಂದವು. ರಾಡ್ ಬ್ರೇಕಿನ ಸೈಕಲ್ಲಿಗೆ ಒಂದು ನಮೂನೆ ರಬ್ಬರ್, ವೈರ್ ಬ್ರೇಕಿನದಕ್ಕೆ ಇನ್ನೊಂದು ನಮೂನೆ. ಎರಡೂ ಕರೇವು. ಡಬ್ಬಿಯೊಳಗೆ ಕೈ ಹಾಕಿದರೆ ಯಾವುದು ಯಾವುದೆಂದು ಬೆರಳಿಗೇ ತಿಳಿಯುತ್ತಿತ್ತು. ಹೊಸದು ಇಲ್ಲದಾಗ ಹಳೇ ಟೈರ್ ಕೊಯ್ದು ಕೂಡಿಸಿ ಕಳಿಸಿದ್ದೂ ಉಂಟು. ಮೇವಿನ ಹೊರೆ ಕಟ್ಟಿಕೊಂಡು ಹೋಗುವವರಿಗೆ ಅಷ್ಟು ಸಾಕು. ಸೈಕಲ್ ನಿಲ್ಲದಿದ್ದರೆ ಕಾಲು ಊರಿ ನಿಲ್ಲುತ್ತಾರೆ.

ಈ ಸಲ ಆರಿಸಬೇಕಾಗಿದ್ದು ನನ್ನ ಮೊಮ್ಮಗಳ ಸೈಕಲ್ಲಿಗೆ. ಅವಳ ಮಾತು ಬಂದರೆ ನನ್ನ ಪೆನ್ನು ನಿಲ್ಲುವುದಿಲ್ಲ ನೋಡ್ರಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಪೆನ್ನು ಅದು, ಆದರೂ ನಿಲ್ಲುವುದಿಲ್ಲ. ದೂರದ ಊರಿನ ಕ್ರೀಡಾ ಹಾಸ್ಟೆಲ್ಲಿನಲ್ಲಿ ಇದ್ದುಕೊಂಡು ರಸ್ತೆಯ ಮೇಲೆ ಸೈಕಲ್ ರೇಸು ಓಡಿಸುತ್ತಾಳೆ. ಹ್ಯಾಂಡಲ್ ಮೇಲೆ ಬಗ್ಗಿ ಹೊರಟಳು ಅಂದರೆ ಜಡೆ ಬೆನ್ನಿನ ಮೇಲೆ ಅಂಟಿಕೊಂಡೇ ಇರುತ್ತದೆ, ಒಂದಿಷ್ಟೂ ಹೊರಳಾಡುವುದಿಲ್ಲ. ಅದನ್ನು ನೋಡುತ್ತಾ ಬಾಯಲ್ಲಿದ್ದ ಎಲೆಅಡಿಕೆ ನುಂಗಿಬಿಟ್ಟಿದ್ದೇನೆ, ಒಂದು ಸಲವಲ್ಲ. ನನ್ನ ಹೊಟ್ಟೆಯ ಹೊಟ್ಟೆಯಲ್ಲಿ ಇಂಥದೊಂದು ಹುಟ್ಟಿತಲ್ಲಾ ಅಂತ ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ಹೇಳುತ್ತೇನೆ. ಕೇಳಿಸಿಕೊಂಡವರಿಗೇ ಮತ್ತೆ ಹೇಳುತ್ತೇನೆ.

ಆಯ್ಕೆಯ ರೇಸಿಗೆ ಮೊದಲು ರಜೆ ಹಾಕಿ ಮನೆಗೆ ಬಂದಳು. ಗುಡ್ಡ ಹತ್ತಿ ಇಳಿಯುವ ರಸ್ತೆಯಲ್ಲಿ ಆ ರೇಸು. ಆಯ್ಕೆಯಾದರೆ ಹಾಸ್ಟೆಲ್ಲಿನ ಜಾಗ ಉಳಿಯುತ್ತದೆ. ಆಗದಿದ್ದರೆ ಹೊಸಬರಿಗೆ ಬಿಟ್ಟುಕೊಟ್ಟು ಗಂಟು ಕಟ್ಟಬೇಕು. ಬರುವಾಗ ಚಾದರದಲ್ಲಿ ಸುತ್ತಿಕೊಂಡು ಎರಡು ಗಾಲಿ ತಂದಿದ್ದಳು. ಹಿಂದೆ ಯಾರೋ ಓಡಿಸಿ ಬಿಟ್ಟುಹೋದವು. ಅವರ ಮಾಸ್ತರು, ಅಂದರೆ ಸೈಕಲ್ ಕಲಿಸುವವರು, ಇದೊಂದು ರೇಸಿಗೆ ಅಂತ ಎರವಲು ಕೊಟ್ಟಿದ್ದರು.

"ಎತ್ತಿ ನೋಡಜ್ಜೀ."

ಎತ್ತಿದೆ. ಕಬ್ಬಿಣದ ರಿಮ್ಮು ಎತ್ತಿ ಪಳಗಿದ ಕೈ, ಜೋರು ಹಾಕಿ ಎತ್ತಿದ್ದಕ್ಕೆ ಗಾಲಿ ನನ್ನ ಮೂಗಿನ ತನಕ ಬಂತು. "ಇದೇನವಾ, ಒಳಗ ಏನೂ ಇಲ್ಲೇನು?"

"ಕಾರ್ಬನ್ ಅಜ್ಜೀ. ನಾರು, ಅಂಟು ಕೂಡಿಸಿ ಮಾಡಿದ್ದು."

"ಚಂದ ಐತಿ. ರಬ್ಬರ್ ಕೊಡ್ತೀನಿ ತಡಿ."

"ಅಯ್ಯಯ್ಯ, ನಿನ್ನ ರಬ್ಬರ್ ಮುಟ್ಟಿಸಬ್ಯಾಡ!" ಮಡಿಯುಟ್ಟವರನ್ನು ನಾನು ಮುಟ್ಟಲು ಹೋದೆನೋ ಎನ್ನುವಂತೆ ಗಾಲಿಯನ್ನು ಎದೆಗೆ ಎಳೆದುಕೊಂಡಳು. ಆಮೇಲೆ ಕೂತು ಬಿಡಿಸಿ ಹೇಳಿದಳು. ಅಲ್ಯೂಮಿನಿಯಂ ರಿಮ್ಮು ಬ್ರೇಕ್ ಹಿಡಿದಾಗ ಬಿಸಿಯಾದರೆ ಆ ಬಿಸಿಯನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಕಾರ್ಬನ್ ಹಾಗಲ್ಲ, ಬಿಸಿಯನ್ನು ಅಲ್ಲೇ ಇಟ್ಟುಕೊಳ್ಳುತ್ತದೆ. ಬಿಸಿ ಏರಿದರೆ ಒಳಗಿನ ಅಂಟು ಮೆತ್ತಗಾಗುತ್ತದೆ. ರಿಮ್ಮಿನ ತುಟಿ ಹೊರಗೆ ಬಾಗಿ ಟ್ಯೂಬು ಒಡೆಯುತ್ತದೆ. ಮಾಮೂಲಿ ಕರೇ ರಬ್ಬರ್ ಹಾಕಿದರೆ ಇದೆಲ್ಲ ಬೇಗ ಆಗುತ್ತದೆ.

"ಇಳುಕಲಾಗ ಒಡದ್ರ?" ಅಂದೆ.

"ಒಡದ್ರ ಒಡೀತು," ಅಂದು ಬೇರೆ ಕಡೆ ನೋಡಿದಳು.

ಮಾರನೆಯ ಬೆಳಿಗ್ಗೆ ಮಾಸ್ತರಿಗೆ ಫೋನು ಹಚ್ಚಿದೆವು. ನನಗೆ ಕಿವಿ ಸ್ವಲ್ಪ ದೂರ, ಅದಕ್ಕೆ ಸ್ಪೀಕರ್ ಇಟ್ಟಳು. ಅಂಗಡಿ ತುಂಬ ಅವರ ದನಿ. ರಿಮ್ಮು ಮಾಡಿದವರು ಯಾವ ರಬ್ಬರ್ ಹೇಳುತ್ತಾರೋ ಅದೇ ಮೊದಲ ಆಯ್ಕೆ, ಆದರೆ ಈ ಗಾಲಿಯ ಮೇಲಿನ ಚೀಟಿ ಅಳಿಸಿಹೋಗಿದೆ, ಹೆಸರು ಓದಲಿಕ್ಕೆ ಬರುವುದಿಲ್ಲ. ಹಾಗಿದ್ದ ಮೇಲೆ ಕಾರ್ಬನ್ನಿಗೆಂದೇ ಮಾಡಿದ್ದು ಕೇಳಿ ತನ್ನಿ ಅಂದರು. ಹೊಸದೇ ಆಗಿರಲಿ. ಅಲ್ಯೂಮಿನಿಯಂ ರಿಮ್ಮಿಗೆ ಒಮ್ಮೆ ಹಾಕಿ ತೆಗೆದದ್ದನ್ನು ತಂದರೆ ಅದರೊಳಗೆ ಅಲ್ಯೂಮಿನಿಯಂ ಹರಳು ಕಚ್ಚಿಕೊಂಡಿರುತ್ತದೆ, ಅದು ಕಾರ್ಬನ್ನನ್ನು ಅರದ ಹಾಗೆ ತಿನ್ನುತ್ತದೆ. "ಅಮ್ಮಾ, ಕಾರ್ಬನ್ ವಿಷಯದಲ್ಲಿ ಅಂದಾಜು ನಡೆಯುವುದಿಲ್ಲ," ಅಂತ ಎರಡೆರಡು ಸಲ ಹೇಳಿದರು.

ಕೂಡ್ಲಿಗಿಯಲ್ಲಿ ಕೇಳಿ ನೋಡಿದೆ, ಇಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ನನ್ನ ಹಾಗೆಯೇ ಸೈಕಲ್ ಅಂಗಡಿ ಇಟ್ಟವರು ಫೋನಿನಲ್ಲಿ ನಕ್ಕುಬಿಟ್ಟರು: "ಕಾರ್ಬನ್ನಿಗೆ ಬ್ರೇಕಾ? ಏನು ಹಚ್ಚೀ ಯಕ್ಕಾ ಬೆಳಬೆಳಿಗ್ಗಿ!" ಹರಪನಹಳ್ಳಿಯವರು ದಾವಣಗೆರೆಯಲ್ಲಿ ಗೇರ್ ಸೈಕಲ್ಲಿನ ದೊಡ್ಡ ಅಂಗಡಿ ಇದೆ, ಅಲ್ಲಿ ನೋಡಿ ಅಂದರು. ಮೊಮ್ಮಗಳು ತನ್ನ ಹಳೇ ಬಿಳಿ ಗಾಲಿಗಳ ಮೇಲೆ ಅಭ್ಯಾಸಕ್ಕೆ ಹೋದಳು. ಹಳೇವು ಅಂದರೆ ಮಾಮೂಲಿ ಅಲ್ಯೂಮಿನಿಯಂ ಗಾಲಿ. ನಾನು ಕರೇ ಗಾಲಿಗಳನ್ನು ಅಂಗಡಿಯ ಗೋಡೆಗೆ ಆನಿಸಿ, ಸ್ವಲ್ಪ ನೋಡ್ಕೋ ಅಂತ ಪಕ್ಕದ ಮೊಪೆಡ್ ಮೇಸ್ತ್ರಿಗೆ ಹೇಳಿ ಬಸ್ಸು ಹತ್ತಿದೆ.

ದಾವಣಗೆರೆ ಅಂಗಡಿಯ ಹುಡುಗ ನನ್ನನ್ನೂ ನನ್ನ ಸೀರೆಯನ್ನೂ ನೋಡಿ ಮೊದಲು ಮಕ್ಕಳ ಮೂರುಗಾಲಿ ಸೈಕಲ್ ತೋರಿಸಿದ. "ಅದಲ್ಲಪ್ಪಾ, ಕಾರ್ಬನ್ ರಿಮ್ಮಿನ ಬ್ರೇಕ್ ರಬ್ಬರ್," ಅಂದೆ. "ಓಹೋ, ಅಜ್ಜಿ ರೇಸಿಗೆ ಇಳ್ದಾರೆ!" ಅಂದ. ನಾನೂ ಬಿಡಲಿಲ್ಲ, "ಹೂಂನಪ್ಪಾ, ನೀ ಹಿಂದ್ ಕೂತ್ಕೊ," ಅಂದೆ.

ಕೌಂಟರಿನ ಮೇಲೆ ನಾಲ್ಕಾರು ಜೋಡಿ ಸುರಿದ. ಹಳದಿ ಬಣ್ಣದ್ದು, ನೀಲಿ, ಬಾಟಲಿಯ ಬೂಚಿನ ಪುಡಿ ಕೂಡಿಸಿ ಮಾಡಿದ್ದು. ಒಂದು ಜೋಡಿ ಪೊಟ್ಟಣವಿಲ್ಲದೆ ಬಿಡಿಯಾಗಿತ್ತು. ಉಗುರಿನಿಂದ ಗೀರಿ ಬೆಳಕಿಗೆ ಹಿಡಿದೆ. ಸಣ್ಣ ಸಣ್ಣ ಚುಕ್ಕಿ ಹೊಳೆದವು.

"ಇದನ್ನ ಯಾರೋ ಹಾಕಿ ತಗದಾರ."

"ಒಂದ್ ವಾರ ಓಡ್ಸಿರದು ಅಷ್ಟೆ ಅಮ್ಮಾ. ಯಾವ್ದಾದ್ರೇನು, ಬ್ರೇಕ್ ಹಿಡಿದ್ರೆ ಸಾಕಲ್ವಾ?"

ಅದನ್ನು ಆಚೆ ಸರಿಸಿದೆ. ಉಳಿದವುಗಳಲ್ಲಿ ಯಾವುದು ಅಂತ ಅಲ್ಲಿಂದಲೇ ಮಾಸ್ತರನ್ನು ಕೇಳಿದೆ. ಹಳದಿಯದು ಮುಟ್ಟಿದ ಕೂಡಲೇ ಹಿಡಿಯುತ್ತದೆ, ಆದರೆ ಬಿಸಿ ಜಾಸ್ತಿ. ಬೂಚಿನದು ಮೆತ್ತಗೆ, ತಣ್ಣಗೆ ಹಿಡಿಯುತ್ತದೆ, ಬೇಗ ಸವೆಯುತ್ತದೆ, ಮಳೆಯಲ್ಲಿ ಮಾತ್ರ ನಂಬಬಾರದು. ಹೀಗಂದು, ಮೂಲದ ಚೀಟಿ ಇಲ್ಲದ ಮೇಲೆ ಆಯ್ಕೆ ನಿಮ್ಮದು ಅಂದರು. ಬಿಸಿಲಿನ ದಿನಗಳು, ಮೋಡದ ಸುಳಿವಿರಲಿಲ್ಲ. ಇಳುಕಲು ಉದ್ದ. ರಬ್ಬರ್ ಸವೆದರೆ ಮತ್ತೆ ತರಬಹುದು ಅಂದುಕೊಂಡು ಬೂಚಿನದನ್ನೇ ಎರಡೂ ಗಾಲಿಗೆ ಆಗುವಷ್ಟು ಕಟ್ಟಿಸಿಕೊಂಡೆ. ವಾಪಸು ಬರುವಾಗ ಪೊಟ್ಟಣವನ್ನು ಕುಪ್ಪಸದೊಳಗೆ ಇಟ್ಟುಕೊಂಡಿದ್ದೆ. ಪಕ್ಕದಲ್ಲಿ ಕೂತಿದ್ದ ಹೆಂಗಸಿಗೆ ಹರಪನಹಳ್ಳಿ ದಾಟುವವರೆಗೂ ಮೊಮ್ಮಗಳ ಪುರಾಣ ಹೇಳಿದೆ. ಪಾಪ, ಆಕೆ ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡಿದ ಹಾಗೆ ನಟಿಸಿದಳು.

ಅಂಗಡಿಗೆ ಬಂದರೆ ಮೇಸ್ತ್ರಿ ಬಾಗಿಲಲ್ಲೇ ನಿಂತಿದ್ದ. ಮುಖ ಅರಳಿತ್ತು.

"ಯಕ್ಕಾ, ಕಣ್ಣು ಮುಚ್ಚು."

"ಯಾಕಲೇ?"

"ಮುಚ್ಚು ಅಂದ್ರ ಮುಚ್ಚಬೇ."

ಮುಚ್ಚಿ ತೆರೆದೆ. ಮುಂದಿನ ಕರೇ ಗಾಲಿ ಸ್ಟೂಲಿನ ಮೇಲಿತ್ತು. ಬ್ರೇಕ್ ಕಚ್ಚುವ ಅಂಚು ಎರಡೂ ಕಡೆ ಸುತ್ತಲೂ ಬೂದಿಯ ಬಣ್ಣಕ್ಕೆ ತಿರುಗಿತ್ತು. ನೆಲದ ಮೇಲೆ ಉಜ್ಜುವ ಎಮರಿ ಪೇಪರಿನ ತುಂಡುಗಳು, ಒಂದು ಬಟ್ಟಲಿನಲ್ಲಿ ಪೆಟ್ರೋಲು.

"ಬೆಳಿಗ್ಗಿಯಿಂದ ಅಜ್ಜಿ ಮೊಮ್ಮಗಳು ಕಾರ್ಬನ್ ಕಾರ್ಬನ್ ಅಂತ ಒದ್ದಾಡತಿದ್ರೆಲ್ಲಾ, ತಡಿ ನಾನಽ ತಗದುಕೊಡ್ತೀನಿ ಅಂತ ಕೂತೆ. ಒಂದು ಗಾಲಿ ಆತು. ಹಿಂದಿಂದು ಚಾ ಕುಡದು ಹಿಡೀತೀನಿ. ಏನ್ ಕಾರ್ಬನ್ ಹಿಡದಿತ್ತು ಯಕ್ಕಾ! ಕೆರದಷ್ಟೂ ಬರ್ತೈತಿ!"

ಅವನದೇನು ತಪ್ಪು ಹೇಳ್ರಿ. ಮೊಪೆಡ್ ರಿಪೇರಿಯಲ್ಲಿ ಕಾರ್ಬನ್ ಅಂದರೆ ಮಸಿ. ಸೈಲೆನ್ಸರಿಗೆ ಕಾರ್ಬನ್ ಕಟ್ಟಿದೆ, ಪ್ಲಗ್ಗಿಗೆ ಕಾರ್ಬನ್ ಹಿಡಿದಿದೆ ಅಂತ ದಿನವೂ ಗಾಡಿ ಬರುತ್ತವೆ. ಕಾರ್ಬನ್ ತೆಗೆಯುವುದೇ ಅವನ ಅನ್ನ. ನಮ್ಮ ಬೀದಿಯಲ್ಲಿ ಕಾರ್ಬನ್ನಿನಿಂದ ಗಾಲಿ ಮಾಡುತ್ತಾರೆ ಅಂದರೆ ಮಸಿಯಿಂದ ಮನೆ ಕಟ್ಟುತ್ತಾರೆ ಅಂದ ಹಾಗೆ. ಫೋನಿನಲ್ಲಿ ಮಾಸ್ತರು ಅಷ್ಟು ಸಲ ಅಂದ ಮಾತನ್ನು ಅವನು ತನ್ನ ಕಸುಬಿನ ಕಿವಿಯಿಂದ ಕೇಳಿದ.

ಅಷ್ಟರಲ್ಲಿ ಮೊಮ್ಮಗಳು ಬಂದಳು. ಸೈಕಲ್ ಒರಗಿಸಿ, ಗಾಲಿ ನೋಡಿ, ಮೆಲ್ಲಗೆ ಹೆಬ್ಬೆರಳು ಆಡಿಸಿದಳು. ಕೂದಲಿನಂಥ ಒಂದು ಕರೇ ನಾರು ಬೆರಳಿಗೆ ಚುಚ್ಚಿಕೊಂಡಿತು. ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ. ಕಟ್ಟೆಯ ಮೇಲೆ ಕೂತು ಆ ನಾರು ಕಿತ್ತಳು.

"ಏನಾತವ್ವಾ?" ಅಂದ ಮೇಸ್ತ್ರಿ.

"ಮಾಮಾ, ಆ ಗಾಲಿನಽ ಕಾರ್ಬನ್ನು. ಅದಕ್ಕ ಹಿಡದಿದ್ದಲ್ಲ."

ಅವನು ಗಾಲಿ ನೋಡಿದ, ಬಟ್ಟಲು ನೋಡಿದ, ಕೈಯೊಳಗಿನ ಎಮರಿ ನೋಡಿದ. "ಹಂಗಾದ್ರ ನಾನು ಗಾಲಿನಽ ಕೆರದ್ನಾ?" ಅಂದು ಅಲ್ಲೇ ನೆಲಕ್ಕೆ ಕುಕ್ಕರಿಸಿದ. ಐವತ್ತು ದಾಟಿದ ಗಂಡಸು, ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ.

ಮಾಸ್ತರಿಗೆ ವಿಡಿಯೋ ಹಚ್ಚಿ ತೋರಿಸಿದೆವು. ಅವರು ಗಾಲಿಯನ್ನು ಸುತ್ತಲೂ ತಿರುಗಿಸಿ ತೋರಿಸಲು ಹೇಳಿದರು. ಆಮೇಲೆ, ಒಂದು ನಾಣ್ಯ ತಗೊಂಡು ಅಂಚಿನುದ್ದಕ್ಕೂ ತಟ್ಟುತ್ತಾ ಬನ್ನಿ ಅಂದರು. ಸದ್ದು ಎಲ್ಲಾ ಕಡೆ ಒಂದೇ ಇರಬೇಕು, ಎಲ್ಲಾದರೂ ಬದ್ದಂತ ಕೇಳಿದರೆ ಒಳಗೆ ಪದರ ಬಿಟ್ಟಿದೆ ಅಂತ ಅರ್ಥ. ತಟ್ಟಿದೆವು. ಒಂದೇ ಸದ್ದು ಅಂದಳು ಮೊಮ್ಮಗಳು. ನನಗೆ ಗಾಳಿ ತುಂಬುವ ವಾಲ್ ಹತ್ತಿರ ಸ್ವಲ್ಪ ಬೇರೆ ಕೇಳಿತು, ಆದರೆ ನನ್ನ ಕಿವಿಯ ಮೇಲೆ ನನಗೇ ನಂಬಿಕೆ ಇಲ್ಲ.

"ಮೇಲಿನ ಅಂಟು ಹೋಗಿದೆ," ಅಂದರು ಮಾಸ್ತರು. "ಒಳಗಿನದು ಏನಾಗಿದೆಯೋ ಇಲ್ಲಿಂದ ಹೇಗೆ ಹೇಳಲಿ? ಬೇರೆ ಗಾಲಿ ನನ್ನ ಹತ್ತಿರ ಇಲ್ಲ ಅಮ್ಮಾ. ಸ್ಪಿರಿಟ್ ಹಚ್ಚಿ ಒರೆಸಿ, ಹೊಸ ರಬ್ಬರ್ ಕೂಡಿಸಿ, ಒಂದು ಇಳಿಜಾರಿನಲ್ಲಿ ಪರೀಕ್ಷೆ ಮಾಡಿ. ಕೈಗೆ ಏನಾದರೂ ಅನಿಸಿದರೆ ಅಲ್ಲಿಗೇ ನಿಲ್ಲಿಸಿ."

ಕೂಡಿಸುವ ಕೆಲಸ ನಾನೇ ಮಾಡಿದೆ. ಈ ಗಾಲಿಯ ಅಂಚು ಅಗಲ, ಅದಕ್ಕೆ ಮೊದಲು ವೈರು ಸಡಿಲ ಮಾಡಬೇಕು. ರಬ್ಬರ್ ಕೂರುವ ಲೋಹದ ಗೂಡಿಗೆ ಒಂದು ಬದಿ ತೆರೆದಿರುತ್ತದೆ, ಒಂದು ಬದಿ ಮುಚ್ಚಿರುತ್ತದೆ. ಮುಚ್ಚಿದ ಬದಿ ಮುಂದಕ್ಕೆ ಬರಬೇಕು. ಅದಲುಬದಲಾದರೆ ಬ್ರೇಕ್ ಹಿಡಿದಾಗ ಗಾಲಿಯೇ ರಬ್ಬರನ್ನು ಹೊರಗೆ ಎಳೆದು ಬಿಸಾಕುತ್ತದೆ. ಟೈರಿಗೆ ತಾಗಬಾರದು, ಅಂಚಿನಿಂದ ಕೆಳಗೂ ಇಳಿಯಬಾರದು. ಬೆಂಕಿಪೊಟ್ಟಣದ ರಟ್ಟು ಹರಿದು ರಬ್ಬರಿನ ಹಿಂದಿನ ತುದಿಗೆ ಕೊಟ್ಟು ಬಿಗಿದೆ, ಮುಂದಿನ ತುದಿ ಒಂದು ಎಳೆ ಮೊದಲು ಮುಟ್ಟಬೇಕು, ಇಲ್ಲದಿದ್ದರೆ ಕಿರುಚುತ್ತದೆ. ಮೇಸ್ತ್ರಿ ಎದುರಿಗೆ ಟಾರ್ಚು ಹಿಡಿದು ಕೂತಿದ್ದ. ಗಾಲಿ ಮುಟ್ಟು ಅಂದರೂ ಮುಟ್ಟಲಿಲ್ಲ.

ಪರೀಕ್ಷೆಗೆ ಗುಡೇಕೋಟೆ ಕಡೆಯ ಗುಡ್ಡದ ರಸ್ತೆಗೆ ಹೋದೆವು. ಮೇಸ್ತ್ರಿಯ ಲಗೇಜ್ ಆಟೋದಲ್ಲಿ ಸೈಕಲ್ಲು, ನಾನು, ಮೊಮ್ಮಗಳು. ಆ ಕುರುಚಲು ಕಾಡಿನಲ್ಲಿ ಕರಡಿ ಜಾಸ್ತಿ. "ಕರಡಿ ಬಂದ್ರ ನನ್ನ ಮೊದ್ಲು ತಿನ್ಲಿ ಯಕ್ಕಾ," ಅಂದ ದಾರಿಯಲ್ಲಿ. "ನಿನ್ನ ತಿಂದ್ರ ಅದಕ್ಕೂ ಹೊಟ್ಟಿಯಾಗ ಕಾರ್ಬನ್ ಕಟ್ಟತೈತಿ ಬಿಡು," ಅಂದೆ. ಮೊಮ್ಮಗಳು ಆಗ ಒಮ್ಮೆ ನಕ್ಕಳು.

ಮೊದಲು ಸಣ್ಣ ಇಳುಕಲಿನಲ್ಲಿ ರಬ್ಬರನ್ನು ಪಳಗಿಸಿದಳು. ವೇಗ ಏರಿಸುವುದು, ಪೂರಾ ನಿಲ್ಲಿಸದೆ ನಿಧಾನ ಮಾಡುವುದು, ಮತ್ತೆ ಏರಿಸುವುದು. ಹಿಡಿದುಕೊಂಡೇ ಇರಬಾರದು. ಹಿಡಿ, ಬಿಡು, ಹಿಡಿ, ಬಿಡು. ಚೆನ್ನಾಗಿಯೇ ಹಿಡಿಯಿತು. ನಾನು ದೇವರಿಗೆ ಕೈ ಮುಗಿದೆ. ಆಮೇಲೆ ಉದ್ದನೆಯ ಇಳುಕಲಿಗೆ ಬಿಟ್ಟಳು. ಹಿಂದೆ ಆಟೋದಲ್ಲಿ ನಾವು. ಎರಡನೇ ತಿರುವಿನಲ್ಲಿ ಅವಳ ಭುಜ ಅಲುಗಾಡುವುದು ಕಂಡಿತು, ನಡುಕ ಬಂದವರ ಹಾಗೆ. ಕೂದಲು ಸುಟ್ಟ ವಾಸನೆ ಆಟೋದ ತನಕ ಬಂತು.

ಬುಡದಲ್ಲಿ ನಿಲ್ಲಿಸಿಕೊಂಡು ಹೇಳಿದಳು, "ಏನಿಲ್ಲಜ್ಜೀ, ಒಂದು ಸುತ್ತಿಗೆ ಒಂದು ಸಲ ಕಚ್ಚಿದಂಗ ಆಗ್ತೈತಿ ಅಷ್ಟ. ಓಡಿಸಬೌದು."

ನಾನು ಗಾಲಿಯ ಹತ್ತಿರ ಕೂತು, ಆರುವವರೆಗೆ ಕಾದು, ಹೆಬ್ಬೆರಳನ್ನು ಅಂಚಿನ ಮೇಲೆ ಸುತ್ತಲೂ ಎಳೆದೆ. ವಾಲ್ ಹತ್ತಿರ ಬಂದಾಗ ಬೆರಳು ಎದ್ದಿತು. ರೊಟ್ಟಿ ಉಬ್ಬುವಾಗ ಮೊದಲು ಏಳುವ ಗುಳ್ಳೆಯ ಹಾಗೆ, ಅಷ್ಟೇ ಅಷ್ಟು. ಕಣ್ಣಿಗೆ ಕಾಣುವುದಿಲ್ಲ. ಅವಳ ಬೆರಳು ಹಿಡಿದು ಅದೇ ಜಾಗದ ಮೇಲೆ ಇಟ್ಟೆ. ಕೈ ಕಿತ್ತುಕೊಂಡಳು. ಮೇಸ್ತ್ರಿ ಕೆರೆದಿದ್ದಕ್ಕೆ ಹಾಗಾಯಿತೋ, ಹಿಂದೆ ಓಡಿಸಿದವರು ಕರೇ ರಬ್ಬರ್ ಹಾಕಿ ಮೊದಲೇ ಸುಟ್ಟಿದ್ದರೋ ಇವತ್ತಿಗೂ ನನಗೆ ಗೊತ್ತಿಲ್ಲ. ಮಾಸ್ತರೂ ಹೇಳಲಾರದೆ ಹೋದರು.

ಇಳುಕಲಿನಲ್ಲಿ ಮೈಭಾರವೆಲ್ಲ ಮುಂದಕ್ಕೆ ಬರುತ್ತದೆ. ನಿಲ್ಲಿಸುವುದು ಮುಂದಿನ ಬ್ರೇಕೇ, ಹಿಂದಿನದು ಬರೀ ಜೊತೆಗಾರ. ಇಷ್ಟು ಮಾತ್ರ ನನಗೆ ಯಾರೂ ಕಲಿಸಬೇಕಾಗಿಲ್ಲ. ಅಲ್ಲಿಯೇ, ರಸ್ತೆಯ ಅಂಚಿನಲ್ಲಿ ನಿರ್ಧಾರ ಮಾಡಿದೆ: ಮುಂದೆ ಅವಳ ಹಳೇ ಬಿಳಿ ಗಾಲಿ, ಅದಕ್ಕೆ ಹೊಸ ಕರೇ ರಬ್ಬರ್. ಹಿಂದೆ ಕರೇ ಗಾಲಿ, ಅದಕ್ಕೆ ಬೂಚಿನ ರಬ್ಬರ್. ಒಂದರದು ಇನ್ನೊಂದಕ್ಕೆ ಮುಟ್ಟುವ ಹಾಗಿಲ್ಲ.

"ಒಂದು ಕರಿದು ಒಂದು ಬಿಳಿದು ಹಾಕ್ಕೊಂಡು ಎಲ್ಲಾರ ಮುಂದ ಹೋಗ್ಲಾ? ನಗತಾರಜ್ಜೀ!"

"ನಗ್ಲಿ. ಹಲ್ಲು ಅವರವು."

"ಏರಿನಾಗ ಭಾರ ಆಗ್ತೈತಿ. ಬಿಳಿ ಗಾಲಿ ಹಾಕ್ಕೊಂಡು ಹತ್ತಿದ್ರ ನಾ ಹಿಂದ ಬೀಳ್ತೀನಿ. ಹಿಂದ ಬಿದ್ರ ಹಾಸ್ಟೆಲ್ ಹೋತು. ನಿನಗ ಅದಽ ಬೇಕಾಗೈತಿ, ಅಲಾ? ಮನ್ಯಾಗ ಕುಂದ್ರಿಸ್ಕೋಬೇಕು ಅಂತ?"

ಆ ಮಾತು ಎದೆಗೆ ನಾಟಿತು. ಅವಳು ಹಾಸ್ಟೆಲ್ಲಿಗೆ ಹೋಗಲಿ ಅಂತ ಅವರವ್ವನ ಜೊತೆ, ಅಂದರೆ ನನ್ನ ಮಗಳ ಜೊತೆ ಜಗಳವಾಡಿ ಕಳಿಸಿದವಳು ನಾನು. ಅಂಗಡಿಗೆ ಬಂದು ಆ ಮುಂದಿನ ಕರೇ ಗಾಲಿಗೆ ಚೈನು ಹಾಕಿ ಕಿಟಕಿಯ ಸರಳಿಗೆ ಬೀಗ ಹಾಕಿದೆ. ಕೀಲಿ ಸೊಂಟಕ್ಕೆ ಸಿಕ್ಕಿಸಿದೆ. ಮಾಸ್ತರಿಗೆ ಫೋನು ಮಾಡಿ ಹೀಗೆ ಮಾಡಿದ್ದೇನೆ ಅಂದೆ.

"ಅಮ್ಮಾ, ಆಯ್ಕೆ ತಪ್ಪಿದರೆ ನಾನು ಏನೂ ಮಾಡಲಾರೆ. ತಿಳಿದು ಮಾಡ್ತಿದ್ದೀರಾ?"

"ತಿಳದಽ ಮಾಡೀನಿ ಸರ. ಆ ಗಾಲಿ ನೀವು ಕೊಟ್ಟಿದ್ದು, ತಿರುಗಿ ಒಯ್ಯಿರಿ. ಹುಡುಗಿ ನಂದು."

ಅವರು "ಆಗಲಿ" ಅಂದರು, ಬೇಸರದಿಂದಲೇ. ಅವರೂ ಹೆದರಿದ್ದರು ಅಂತ ದನಿಯಲ್ಲಿ ಗೊತ್ತಾಯಿತು.

ಅವತ್ತಿನಿಂದ ಮೊಮ್ಮಗಳು ನನ್ನ ಜೊತೆ ಮಾತು ಬಿಟ್ಟಳು. ಊಟ ಬಡಿಸಿದರೆ ಉಣ್ಣುತ್ತಿದ್ದಳು, ಅಷ್ಟೇ. ನಾನು ಬಿಳಿ ಗಾಲಿ ಕೂಡಿಸಿ, ಅದರ ಅಂಚು ಸಣ್ಣದು ಅಂತ ವೈರು ಮತ್ತೆ ಬಿಗಿದು, ರಬ್ಬರಿನ ತುದಿ ತಿದ್ದಿ, ಗಾಲಿ ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. ಅವಳು ಆ ಕಡೆ ಮುಖ ಹಾಕಿಕೊಂಡು ಬೂಟಿನ ದಾರ ಕಟ್ಟುತ್ತಿದ್ದಳು.

ರೇಸಿನ ದಿನ ಬಿಸಿಲು ಬೆಳಿಗ್ಗೆಯೇ ಸುಡುತ್ತಿತ್ತು. ಹೊರಡುವ ಗೆರೆಯ ಮೇಲೆ ಹುಡುಗಿಯರೆಲ್ಲ ಸಾಲಾಗಿ ನಿಂತಿದ್ದರು, ಬಹಳ ಸೈಕಲ್ಲುಗಳಿಗೆ ಎರಡೂ ಗಾಲಿ ಕರೇವು. ಒಬ್ಬಾಕೆ ನಮ್ಮ ಸೈಕಲ್ ನೋಡಿ, "ಇನ್ನೊಂದು ಗಾಲಿ ಯಾರಿಗೆ ಕಡ ಕೊಟ್ಟಿ?" ಅಂದಳು. ಉಳಿದವರು ನಕ್ಕರು. ನನ್ನ ಮೊಮ್ಮಗಳು ತಲೆ ಎತ್ತಲಿಲ್ಲ. ನನ್ನ ಬಂಗಾರವನ್ನು ನಾನೇ ಸಂತೆಯಲ್ಲಿ ನಿಲ್ಲಿಸಿದ ಹಾಗಾಯಿತು. ಕೀಲಿ ಸೊಂಟದಲ್ಲೇ ಇತ್ತು, ಅದನ್ನು ಮುಟ್ಟಿಕೊಂಡೆ.

ಗುಡ್ಡದ ಆ ಕಡೆಯಿಂದ ಹತ್ತಿ, ಈ ಕಡೆಯಿಂದ ಇಳಿದು, ಬುಡದಲ್ಲಿ ಗೆರೆ ದಾಟಬೇಕು. ನಾನು, ಮೇಸ್ತ್ರಿ, ಮಾಸ್ತರು ಮೂವರೂ ಆಟೋದಲ್ಲಿ ಸುತ್ತು ಹಾಕಿ ಬಂದು ಆ ಗೆರೆಯ ಹತ್ತಿರ ನಿಂತೆವು. ಕೊನೆಯ ತಿರುವು ಕಾಣುತ್ತದೆ, ಅದರ ಮೇಲಿನದು ಬಂಡೆಯ ಮರೆ. ಮೇಲೆ ನಿಂತವರು ಫೋನಿನಲ್ಲಿ ಹೇಳುತ್ತಿದ್ದರು, ಮಾಸ್ತರು ನಮಗೆ ಹೇಳುತ್ತಿದ್ದರು. ಏರಿನಲ್ಲಿ ಹಿಂದೆ ಬಿದ್ದಿದ್ದಾಳೆ. ಇನ್ನೂ ಹಿಂದೆ. ತುದಿ ಮುಟ್ಟಿದಳು, ಈಗ ಇಳಿಯುತ್ತಿದ್ದಾಳೆ.

ಮೊದಲ ನಾಲ್ಕೈದು ಹುಡುಗಿಯರು ಗಾಳಿಯ ಹಾಗೆ ಬಂದು ದಾಟಿದರು. ಆಮೇಲೆ ಬಂಡೆಯ ಆಚೆಯಿಂದ ಪಟಾಕಿ ಸಿಡಿದಂಥ ಒಂದು ಸದ್ದು. ಅದರ ಬೆನ್ನಿಗೇ ಲೋಹ ರಸ್ತೆಗೆ ಉಜ್ಜಿಕೊಂಡು ಹೋದ ಸದ್ದು. ಆಮೇಲೆ ಏನೂ ಇಲ್ಲ.

"ಯಾರು?" ಅಂದರು ಮಾಸ್ತರು ಫೋನಿನೊಳಗೆ. "ಯಾರ್ರೀ ಬಿದ್ದದ್ದು? ಹಲೋ?"

ನನ್ನ ಕಿವಿ ದೂರ ಅಂತ ಹೇಳಿದೆನಲ್ಲ, ಆ ಸದ್ದು ಮಾತ್ರ ಚೆನ್ನಾಗಿ ಕೇಳಿತು. ನಾನು ತಪ್ಪು ಗಾಲಿ ಬಿಚ್ಚಿದೆನೇ? ಗೂಡು ಹಿಂದುಮುಂದಾಯಿತೇ? ಹಿಂದಿನ ಗಾಲಿಯೂ ಸುಟ್ಟದ್ದೇ ಇತ್ತೇ, ಅದಕ್ಕೆ ನಾಣ್ಯ ತಟ್ಟಿದ್ದೆನೇ? ಕೈಯಲ್ಲಿ ಮಾಡಿದ ಒಂದೊಂದು ಕೆಲಸವೂ ಎದುರಿಗೆ ಬಂದು ನಿಂತಿತು. ಮೇಸ್ತ್ರಿ ತಿರುವಿನ ಕಡೆ ಓಡತೊಡಗಿದ.

ಆ ತಿರುವಿನಲ್ಲಿ ಒಂದು ಬಿಳಿ ಗಾಲಿ ಕಾಣಿಸಿತು. ಆಮೇಲೆ ಅದರ ಮೇಲಿದ್ದವಳು.

ಅಯ್ಯೋ, ಹೇಗೆ ಬರೆಯಲಿ ಅದನ್ನು! ಬಾಗಿ ಬಂದಳು, ತಿರುವಿನ ಮೊದಲು ಎರಡು ಸಲ ಹಿಡಿದು ಬಿಟ್ಟಳು, ನೆಟ್ಟಗಾದಳು, ಜಡೆ ಬೆನ್ನಿಗೆ ಅಂಟಿಕೊಂಡೇ ಇತ್ತು. ನಾನು ಕೂಗಿದೆನಂತೆ. ಏನು ಕೂಗಿದೆ ಅಂತ ಮಾಸ್ತರನ್ನು ಆಮೇಲೆ ಕೇಳಿದೆ, ಅವರು ಹೇಳಲಿಲ್ಲ. ನನ್ನದಲ್ಲ, ಬಿದ್ದದ್ದು ನನ್ನದಲ್ಲ! ಬೇರೆ ಯಾರದೋ ಮಗು ರಸ್ತೆಯ ಮೇಲೆ ಬಿದ್ದಿರುವಾಗ ನನಗೆ ಅಷ್ಟು ಸಂತೋಷವಾಯಿತು. ಆ ಹೊತ್ತಿಗೆ ಅದಕ್ಕೆ ನಾಚಿಕೆಯೂ ಆಗಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಬಿದ್ದವಳು ಗಾಲಿ ಕಡ ಕೊಟ್ಟೆಯಾ ಅಂತ ಕೇಳಿದ ಹುಡುಗಿಯೇ. ಮೇಸ್ತ್ರಿ ತನ್ನ ಟವೆಲ್ ಅವಳ ತಲೆಯ ಕೆಳಗೆ ಕೊಟ್ಟು ಆಂಬುಲೆನ್ಸ್ ಬರುವವರೆಗೆ ಬಿಸಿಲಿಗೆ ಅಡ್ಡ ನಿಂತಿದ್ದನಂತೆ. ಭುಜದ ಮೂಳೆ ಮುರಿದಿತ್ತು, ಒಂದು ಕೆನ್ನೆಯ ಚರ್ಮ ಪೂರ್ತಿ ಕಿತ್ತುಹೋಗಿತ್ತು, ಜೀವಕ್ಕೆ ಭಯವಿಲ್ಲ ಅಂದರು. ಅವಳ ಸೈಕಲ್ಲನ್ನು ಯಾರೋ ಹೊತ್ತು ತಂದು ನಮ್ಮ ಹತ್ತಿರವೇ ಮಲಗಿಸಿದರು. ಮುಂದಿನ ಗಾಲಿಯ ತುಟಿ ಹೊರಗೆ ಬಾಗಿ ಬಾಯಿ ಬಿಟ್ಟಿತ್ತು. ನಾನು ಬಗ್ಗಿ ಅದರ ರಬ್ಬರ್ ನೋಡಿದೆ. ಕರೇದು, ಒಳಗೆ ಹೊಳೆಯುವ ಚುಕ್ಕಿಗಳು. ಅದನ್ನು ಹಾಕಿದವರೂ ಎಲ್ಲೋ ಒಂದು ಅಂಗಡಿಯಲ್ಲಿ ಕೂತು ನನ್ನ ಹಾಗೆಯೇ ಜೀವ ಕೈಯಲ್ಲಿ ಹಿಡಿದು ಹಾಕಿರುತ್ತಾರೆ.

ಅದಕ್ಕೂ ಮೊದಲು, ಮೊಮ್ಮಗಳು ಗೆರೆ ದಾಟಿದ ಗಳಿಗೆಯ ಮಾತು ಹೇಳುವುದಿದೆ. ದಾಟಿದ ಕೂಡಲೇ ಗಟ್ಟಿಯಾಗಿ ಬ್ರೇಕ್ ಹಿಡಿದು ನನ್ನ ಮುಂದೆಯೇ ನಿಂತಳು. ಮಾಸ್ತರು ತಲೆ ಅಲ್ಲಾಡಿಸಿದರು, ಆಯ್ಕೆಗೆ ಬೇಕಾದ ಜಾಗಗಳು ಅವಳಿಗಿಂತ ಮುಂದೆಯೇ ಮುಗಿದಿದ್ದವು. ಅವಳಿಗೂ ಗೊತ್ತಿತ್ತು. ಹಾಸ್ಟೆಲ್ಲಿನ ಪೆಟ್ಟಿಗೆ ಈಗ ನಮ್ಮ ಅಂಗಡಿಯ ಅಟ್ಟದ ಮೇಲಿದೆ. ಆಗ ಅವಳ ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು.

"ಅಜ್ಜೀ," ಅಂದಳು, ಅಷ್ಟು ದಿನದ ಮೇಲೆ. "ಆಕಿ ನನ್ನ ಮುಂದಽ ಬಿದ್ಲು. ಅಡ್ಡ ಬಿದ್ಲು. ನಾ ಹಿಡದೆ..."

ನಾನು ಅವಳನ್ನು ಮುಟ್ಟಬೇಕೆಂದು ಕೈ ಚಾಚಿದವಳು, ಯಾಕೋ ಗೊತ್ತಿಲ್ಲ, ಕೂತು ಮುಂದಿನ ಗಾಲಿಯ ಅಂಚನ್ನು ಗಪ್ಪನೆ ಹಿಡಿದೆ. ಒಲೆಯ ಮೇಲಿನ ಹಂಚು ಮುಟ್ಟಿದ ಹಾಗೆ ಚುರ್ ಅಂತು. ಮೂರು ಬೆರಳು ಸುಟ್ಟವು. ಆ ಬಿಸಿಯನ್ನೆಲ್ಲ ಈ ಬಿಳಿ ಗಾಲಿ ಹೊತ್ತುಕೊಂಡು ಬಂದಿತ್ತು, ಬಾಗದೆ, ಬಾಯಿ ಬಿಡದೆ. ನಾನು ಕೈ ತೆಗೆಯದೆ ನಗುತ್ತಿದ್ದೆ.

"ಹುಚ್ಚಿ, ಬಿಡಜ್ಜೀ, ಕೈ ಬಿಡು!" ಅಂತ ನನ್ನ ಕೈ ಕಿತ್ತುಕೊಂಡಳು. ಸೈಕಲ್ ರಸ್ತೆಗೆ ಬಿತ್ತು. ಬಿದ್ದರೆ ಬೀಳಲಿ ಅಂತ ಅಲ್ಲೇ ನೆಲಕ್ಕೆ ಕೂತು, ಏದುಸಿರು ಬಿಡುತ್ತಿದ್ದ ಬಾಯಿಂದಲೇ ನನ್ನ ಬೆರಳುಗಳಿಗೆ ಉಫ್ ಉಫ್ ಅಂತ ಊದತೊಡಗಿದಳು.